ಸಾವಿರಾರು ಫೋಟೊಗಳನ್ನು ಫೈಲ್ ಬ್ರೌಸರ್‌ನಲ್ಲೇ ನೋಡಿ, ಆರಿಸಿ, ಜೋಡಿಸಿಡುವುದು ಹೇಗೆ?

ಡಿಜಿಟಲ್ ಫೋಟೊಗಳ ಬಗ್ಗೆ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳು ಮೂರು. ಕಂಪ್ಯೂಟರಿನಲ್ಲಿ ಹತ್ತಿಪ್ಪತ್ತು ಸಾವಿರ ಫೋಟೊ ರಾಶಿ ಬಿದ್ದಿವೆ, ಎಲ್ಲಿಂದ ಶುರು ಮಾಡಲಿ? ಯಾವ ಸಾಫ್ಟ್‌ವೇರ್ ಒಳ್ಳೆಯದು? ಯಾವ ಫೋಟೊ ಎಷ್ಟು ಚೆನ್ನಾಗಿದೆ ಎಂದು ಗುರುತಿಸಲು ಹಳೆಯ ಕಂಪ್ಯೂಟರಿನಲ್ಲಿ ಕೊಟ್ಟಿದ್ದ ಸ್ಟಾರ್‌ಗಳೆಲ್ಲ ಹೊಸದರಲ್ಲಿ ಕಾಣುತ್ತಿಲ್ಲವಲ್ಲ, ಯಾಕೆ? ನಿಜಕ್ಕೂ ಮುಖ್ಯವಾದದ್ದು ಮೂರನೆಯದು. ನೀವು ಫೋಟೊಗಳಿಗೆ ಕೊಡುವ ಸ್ಟಾರ್, ಹೆಸರು, ಟಿಪ್ಪಣಿ ಇವೆಲ್ಲ ಸಾಫ್ಟ್‌ವೇರಿನ ಹೊಟ್ಟೆಯಲ್ಲಿ ಉಳಿದರೆ ಒಂದಲ್ಲ ಒಂದು ದಿನ ಕಳೆದುಹೋಗುತ್ತವೆ. ಫೋಟೊದ ಫೈಲಿನೊಳಗೋ ಅದರ ಪಕ್ಕದಲ್ಲೋ ಇದ್ದರೆ ಫೋಟೊ ಹೋದಲ್ಲೆಲ್ಲ ಜೊತೆಗೇ ಹೋಗುತ್ತವೆ. ಕೆಳಗಿನ ಹಂತಗಳೆಲ್ಲ ಇದೊಂದನ್ನು ಸಾಧಿಸುವುದಕ್ಕಾಗಿಯೇ ಇರುವುದು.

ಮೊದಲು ಎರಡು ಬಗೆಯ ಸಾಫ್ಟ್‌ವೇರ್‌ಗಳ ವ್ಯತ್ಯಾಸ ತಿಳಿದಿರಲಿ. ಫೈಲ್ ಬ್ರೌಸರ್ ಎಂದರೆ ಡಿಸ್ಕ್‌ನಲ್ಲಿರುವ ಫೋಲ್ಡರನ್ನು ಇದ್ದ ಹಾಗೇ ತೆರೆದು ತೋರಿಸುವಂಥದ್ದು. ಅಡೋಬಿ ಬ್ರಿಡ್ಜ್, ಎಕ್ಸ್‌ಎನ್‌ವ್ಯೂ ಎಂಪಿ, ಫಾಸ್ಟ್‌ಸ್ಟೋನ್ ಇಮೇಜ್ ವ್ಯೂವರ್, ಲಿನಕ್ಸ್‌ನಲ್ಲಿ ಜಿಥಂಬ್ ಮತ್ತು ಗೀಕೀ ಈ ಬಗೆಯವು. ಕ್ಯಾಟಲಾಗ್ ಸಾಫ್ಟ್‌ವೇರ್ ಎಂದರೆ ಫೋಟೊಗಳನ್ನು ಮೊದಲು 'ಇಂಪೋರ್ಟ್' ಮಾಡಿಸಿಕೊಂಡು, ಅವು ಎಲ್ಲಿವೆ, ಹೇಗಿವೆ ಎಂಬುದನ್ನು ತನ್ನದೇ ಡೇಟಾಬೇಸಿನಲ್ಲಿ ಬರೆದಿಟ್ಟುಕೊಳ್ಳುವಂಥದ್ದು. ಲೈಟ್‌ರೂಮ್ ಕ್ಲಾಸಿಕ್, ಡಾರ್ಕ್‌ಟೇಬಲ್, ಡಿಜಿಕ್ಯಾಮ್ ಈ ಕಡೆಯವು. ಎರಡಕ್ಕೂ ಅವುಗಳದ್ದೇ ಗುಣವಿದೆ. ಆದರೆ ಕ್ಯಾಟಲಾಗ್‌ನಲ್ಲಿರುವ ಫೋಟೊವನ್ನು ನೀವು ಹೊರಗಿನಿಂದ, ಫೈಲ್ ಬ್ರೌಸರ್‌ನಲ್ಲಿ ಬೇರೆ ಫೋಲ್ಡರಿಗೆ ಸರಿಸಿದರೆ ಕ್ಯಾಟಲಾಗ್‌ಗೆ ಅದು ಸಿಗುವುದಿಲ್ಲ, 'ಫೈಲ್ ಕಾಣೆಯಾಗಿದೆ' ಎನ್ನುತ್ತದೆ. ಈಗಾಗಲೇ ಲೈಟ್‌ರೂಮ್ ಬಳಸುತ್ತಿರುವವರು ಸರಿಸುವ, ಹೆಸರು ಬದಲಿಸುವ ಕೆಲಸವನ್ನು ಅದರೊಳಗೇ ಮಾಡಬೇಕು.

ಏನೇನು ಬೇಕು?

ಕಂಪ್ಯೂಟರಿನ ಡಿಸ್ಕ್ ಅಲ್ಲದೆ ಹೊರಗಿನ ಎರಡು ಡಿಸ್ಕ್‌ಗಳು, ಅಥವಾ ಒಂದು ಡಿಸ್ಕ್ ಮತ್ತು ಇಂಟರ್‌ನೆಟ್‌ನಲ್ಲಿ ಸಂಗ್ರಹ ಜಾಗ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಒಂದು ರಾ ಫೈಲ್ ಸುಮಾರು 20ರಿಂದ 50 ಎಂಬಿ ಇರುತ್ತದೆ. ರಾ ಎಂದರೆ ಸೆನ್ಸರ್‌ನಿಂದ ಬಂದ, ಇನ್ನೂ ಸಂಸ್ಕರಿಸದ ಮಾಹಿತಿ. ಒಂದಕ್ಕೆ 30 ಎಂಬಿ ಎಂದು ಹಿಡಿದರೂ ಸಾವಿರ ಫೋಟೊಗೆ 30 ಜಿಬಿ ಬೇಕು. ಮೊಬೈಲ್ ಫೋಟೊಗಳಷ್ಟೇ ಇದ್ದರೆ ಇದರ ಹತ್ತನೇ ಒಂದು ಭಾಗ ಸಾಕಾಗಬಹುದು.

ಸಾಫ್ಟ್‌ವೇರ್ ವಿಷಯದಲ್ಲಿ ನನ್ನ ಸಲಹೆ ನೇರವಾಗಿದೆ. ರಾ ಫೈಲ್‌ಗಳು ಹೆಚ್ಚಿದ್ದರೆ ಅಡೋಬಿ ಬ್ರಿಡ್ಜ್. ಅಡೋಬಿ ಖಾತೆಯೊಂದಿದ್ದರೆ ಹಣ ಕೊಡದೆ ಬಳಸಬಹುದು, ವಿಂಡೋಸ್ ಮತ್ತು ಮ್ಯಾಕ್ ಎರಡರಲ್ಲೂ ಸಿಗುತ್ತದೆ. ಹಗುರವಾದದ್ದು ಬೇಕು, ಲಿನಕ್ಸ್‌ನಲ್ಲೂ ಬೇಕು ಎಂದಾದರೆ ಎಕ್ಸ್‌ಎನ್‌ವ್ಯೂ ಎಂಪಿ. ಸ್ವಂತ ಬಳಕೆಗೆ ಅದು ಉಚಿತ. ವಿಂಡೋಸ್‌ನ ಎಕ್ಸ್‌ಪ್ಲೋರರ್ ಮತ್ತು ಮ್ಯಾಕ್‌ನ ಫೈಂಡರ್ ತಕ್ಷಣಕ್ಕೆ ನೋಡಲು ಸಾಕು. ಎಕ್ಸ್‌ಪ್ಲೋರರ್‌ನಲ್ಲಿ ಆಲ್ಟ್ ಮತ್ತು ಪಿ ಒತ್ತಿದರೆ ಪಕ್ಕದಲ್ಲಿ ಮುನ್ನೋಟ ತೆರೆಯುತ್ತದೆ, ಫೈಂಡರ್‌ನಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಚಿತ್ರ ದೊಡ್ಡದಾಗುತ್ತದೆ. ಆದರೆ ಆರಿಸಿ ತೆಗೆಯುವ ಕೆಲಸಕ್ಕೆ ಅವೆರಡೂ ಸಾಲವು.

ಹಂತ 1: ಎಲ್ಲವನ್ನೂ ಒಂದೇ ಸೂರಿನಡಿ ತನ್ನಿ

ಡಿಸ್ಕ್‌ನಲ್ಲಿ 'ಫೋಟೊ' ಎಂಬ ಒಂದೇ ಒಂದು ಮೂಲ ಫೋಲ್ಡರ್ ಮಾಡಿ. ಅದರೊಳಗೆ 'ಒಳಬಂದದ್ದು' ಎಂಬ ಇನ್ನೊಂದು. ಮೆಮೊರಿ ಕಾರ್ಡ್, ಮೊಬೈಲ್, ಹಳೆಯ ಪೆನ್‌ಡ್ರೈವ್, ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎಲ್ಲೆಲ್ಲಿ ಇವೆಯೋ ಅಲ್ಲಿಂದೆಲ್ಲ ಇಲ್ಲಿಗೆ ನಕಲು ಮಾಡಿ. ಪ್ರತಿ ಮೂಲಕ್ಕೂ ಬೇರೆ ಉಪಫೋಲ್ಡರ್ ಇರಲಿ.

ಕಾಪಿ ಮಾಡಿ, ಕಟ್ ಮಾಡಬೇಡಿ. ಸರಿಸುವಾಗ ನಡುವೆ ಕೇಬಲ್ ಸಡಿಲವಾದರೆ ಅರ್ಧ ಬರೆದ ಫೈಲ್ ಉಳಿದು, ಮೂಲವೂ ಅಳಿಸಿಹೋಗುವ ಅಪಾಯವಿದೆ. ಕಾಪಿ ಮುಗಿದ ಮೇಲೆ ಎರಡೂ ಕಡೆಯ ಫೈಲ್‌ಗಳ ಸಂಖ್ಯೆ ಮತ್ತು ಒಟ್ಟು ಬೈಟ್‌ಗಳನ್ನು ಹೋಲಿಸಿ ನೋಡಿ. ಕಾರ್ಡನ್ನು ಖಾಲಿ ಮಾಡುವುದು ಎರಡನೆಯ ಡಿಸ್ಕ್‌ನಲ್ಲೂ ಪ್ರತಿಯಾದ ಮೇಲೆಯೇ.

ಬೇರೆ ಬೇರೆ ಕಾರ್ಡ್‌ಗಳ ಫೋಟೊಗಳನ್ನು ಒಂದೇ ಫೋಲ್ಡರಿಗೆ ಸುರಿಯಬಾರದು ಎನ್ನಲು ಬಲವಾದ ಕಾರಣವಿದೆ. ಬಹುತೇಕ ಎಲ್ಲ ಕ್ಯಾಮೆರಾಗಳೂ ಪಾಲಿಸುವ ಡಿಸಿಎಫ್ ಎಂಬ ನಿಯಮದ ಪ್ರಕಾರ ಫೋಟೊದ ಹೆಸರಿನಲ್ಲಿ ನಾಲ್ಕು ಅಕ್ಷರ, ನಾಲ್ಕು ಅಂಕಿ ಮಾತ್ರ ಇರುತ್ತವೆ. 9999 ಮುಟ್ಟಿದ ಮೇಲೆ ಎಣಿಕೆ ಮತ್ತೆ 0001ಕ್ಕೆ ಬರುತ್ತದೆ. ಹೀಗಾಗಿ ಬೇರೆ ಬೇರೆ ವರ್ಷಗಳಲ್ಲಿ ತೆಗೆದ ಎರಡು ಫೋಟೊಗಳಿಗೆ ಒಂದೇ ಹೆಸರು ಬರುವುದು ಅಪರೂಪವೇನಲ್ಲ. 'ಈ ಹೆಸರಿನ ಫೈಲ್ ಆಗಲೇ ಇದೆ, ಬದಲಾಯಿಸಲೇ?' ಎಂಬ ಪ್ರಶ್ನೆಗೆ ಓದದೆ ಹೌದು ಎಂದರೆ ಹಳೆಯ ಫೋಟೊ ಹೋಯಿತೆಂದೇ ಅರ್ಥ.

ಹಂತ 2: ಸಾಫ್ಟ್‌ವೇರನ್ನು ಹದಗೊಳಿಸಿ, ಪರೀಕ್ಷಿಸಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ಅರ್ಧ ಗಂಟೆ ಇಲ್ಲಿ ಕಳೆದರೆ ಮುಂದೆ ತಿಂಗಳುಗಳ ಕೆಲಸ ಉಳಿಯುತ್ತದೆ.

ಮೊದಲಿಗೆ ಮೆಟಾಡೇಟಾ. ಫೋಟೊದ ಜೊತೆ ಅಡಗಿರುವ ಮಾಹಿತಿಗೆ ಈ ಹೆಸರು. ಅದರಲ್ಲಿ ಮುಖ್ಯವಾಗಿ ಎರಡು ಬಗೆ. ಎಕ್ಸಿಫ್ ಎಂಬುದು ಕ್ಯಾಮೆರಾ ಬರೆಯುವಂಥದ್ದು: ದಿನಾಂಕ, ಸಮಯ, ಲೆನ್ಸ್, ಶಟರ್ ವೇಗ, ಕೆಲವೊಮ್ಮೆ ಸ್ಥಳ. ಎಕ್ಸ್‌ಎಂಪಿ ಎಂಬುದು ಅಡೋಬಿ 2001ರಲ್ಲಿ ತಂದ ವ್ಯವಸ್ಥೆ. ನೀವು ಕೊಡುವ ಸ್ಟಾರ್, ಕೀವರ್ಡ್ (ಮುಂದೆ ಹುಡುಕಲು ನೆರವಾಗುವ ಪದ), ವಿವರಣೆಗಳು ಇದರಲ್ಲಿ ಕೂರುತ್ತವೆ. ಜೆಪೆಗ್, ಟಿಫ್, ಡಿಎನ್‌ಜಿ ಫೈಲ್‌ಗಳಲ್ಲಿ ಎಕ್ಸ್‌ಎಂಪಿಯನ್ನು ಫೈಲಿನೊಳಗೇ ಬರೆಯಬಹುದು. ಕ್ಯಾಮೆರಾ ಕಂಪನಿಗಳ ಸ್ವಂತ ರಾ ಫೈಲ್‌ಗಳನ್ನು, ಅಂದರೆ ನಿಕಾನ್‌ನ ಎನ್‌ಇಎಫ್, ಕ್ಯಾನನ್‌ನ ಸಿಆರ್3, ಸೋನಿಯ ಎಆರ್‌ಡಬ್ಲ್ಯು ಇಂಥವನ್ನು ಮುಟ್ಟದೆ, ಪಕ್ಕದಲ್ಲಿ ಅದೇ ಹೆಸರಿನ ಪುಟ್ಟ ಎಕ್ಸ್‌ಎಂಪಿ ಫೈಲೊಂದನ್ನು ಬರೆಯುವುದು ರೂಢಿ. ಅದಕ್ಕೆ ಸೈಡ್‌ಕಾರ್ ಎನ್ನುತ್ತಾರೆ.

ತೊಂದರೆ ಎಲ್ಲಿದೆಯೆಂದರೆ, ಎಲ್ಲ ಬ್ರೌಸರ್‌ಗಳೂ ತಾವಾಗಿ ಹೀಗೆ ಬರೆಯುವುದಿಲ್ಲ. ಎಕ್ಸ್‌ಎನ್‌ವ್ಯೂ ಎಂಪಿ ಸ್ಟಾರ್‌ಗಳನ್ನು ತನ್ನ ಡೇಟಾಬೇಸಿನಲ್ಲಿ ಇಟ್ಟುಕೊಳ್ಳುತ್ತದೆ. ಅದರ ಸೆಟ್ಟಿಂಗ್ಸ್‌ನ ಮೆಟಾಡೇಟಾ ಭಾಗದಲ್ಲಿ ಸ್ಟಾರ್ ಮತ್ತು ಬಣ್ಣದ ಗುರುತುಗಳನ್ನು ಎಕ್ಸ್‌ಎಂಪಿಗೂ ಬರೆಯುವ ಆಯ್ಕೆಯನ್ನು ಆನ್ ಮಾಡಬೇಕು. ಬ್ರಿಡ್ಜ್ ಮೊದಲಿನಿಂದಲೇ ಎಕ್ಸ್‌ಎಂಪಿಗೆ ಬರೆಯುತ್ತದೆ. ನೀವು ಯಾವುದನ್ನೇ ಬಳಸಿ, ಈ ಪರೀಕ್ಷೆ ಮಾಡಿ: ಒಂದು ಜೆಪೆಗ್‌ನ ನಕಲಿಗೆ 4 ಸ್ಟಾರ್ ಕೊಡಿ. ಅದನ್ನು ಪೆನ್‌ಡ್ರೈವ್‌ಗೆ ಹಾಕಿ ಇನ್ನೊಂದು ಕಂಪ್ಯೂಟರಿನಲ್ಲಿ, ಬೇರೆ ಸಾಫ್ಟ್‌ವೇರಿನಲ್ಲಿ ತೆರೆಯಿರಿ. 4 ಸ್ಟಾರ್ ಕಂಡರೆ ಮುಂದುವರಿಯಿರಿ. ಕಾಣದಿದ್ದರೆ ಆ ಸೆಟ್ಟಿಂಗ್ ಸಿಗುವವರೆಗೆ ಒಂದೇ ಒಂದು ಫೋಟೊಗೂ ಸ್ಟಾರ್ ಕೊಡಬೇಡಿ.

ಎರಡನೆಯದು ಥಂಬ್‌ನೇಲ್, ಅಂದರೆ ಸಾಲುಸಾಲಾಗಿ ಕಾಣುವ ಕಿರುಚಿತ್ರ. 24 ಮೆಗಾಪಿಕ್ಸೆಲ್ ಚಿತ್ರವೊಂದನ್ನು ಪೂರ್ತಿ ಬಿಚ್ಚಿದರೆ ಮೆಮೊರಿಯಲ್ಲಿ ಸುಮಾರು 72 ಎಂಬಿ ಆಗುತ್ತದೆ, ಪ್ರತಿ ಪಿಕ್ಸೆಲ್‌ಗೆ ಮೂರು ಬೈಟ್‌ಗಳಂತೆ. ಐನೂರು ಚಿತ್ರಗಳ ಫೋಲ್ಡರ್ ತೆರೆದಾಗಲೆಲ್ಲ ಹೀಗೆ ಬಿಚ್ಚುತ್ತಾ ಕುಳಿತರೆ ಕಂಪ್ಯೂಟರ್ ಏದುಸಿರು ಬಿಡುತ್ತದೆ. ಆದ್ದರಿಂದ ಬ್ರೌಸರ್ ಒಮ್ಮೆ ಕಿರುಚಿತ್ರ ಮಾಡಿ ಕ್ಯಾಶ್ ಎಂಬ ಉಗ್ರಾಣದಲ್ಲಿ ಇಟ್ಟುಕೊಳ್ಳುತ್ತದೆ. ಮೊದಲ ಸಲ ಫೋಲ್ಡರ್ ತೆರೆಯುವಾಗ ನಿಧಾನ, ಎರಡನೆಯ ಸಲ ಸರಾಗ. ದೊಡ್ಡ ಫೋಲ್ಡರನ್ನು ತೆರೆದಿಟ್ಟು ಹತ್ತು ನಿಮಿಷ ಬಿಟ್ಟುಬಿಡುವುದು ಒಳ್ಳೆಯ ಅಭ್ಯಾಸ. ಕ್ಯಾಶ್ ಇರುವ ಜಾಗ ವೇಗದ ಡಿಸ್ಕ್‌ನಲ್ಲಿರಲಿ, ಎಸ್‌ಎಸ್‌ಡಿ ಇದ್ದರೆ ಅದರಲ್ಲಿ.

ಚಿತ್ರ ತಿದ್ದಿದ ಮೇಲೂ ಹಳೆಯ ಕಿರುಚಿತ್ರವೇ ಕಾಣುತ್ತಿದ್ದರೆ ಗಾಬರಿ ಬೇಡ, ಕ್ಯಾಶ್ ಹಳತಾಗಿದೆ ಅಷ್ಟೆ. ಬ್ರಿಡ್ಜ್‌ನಲ್ಲಿ ಟೂಲ್ಸ್ ಮೆನುವಿನ ಕ್ಯಾಶ್ ಭಾಗದಿಂದ ಆ ಫೋಲ್ಡರಿನ ಕ್ಯಾಶ್ ಅಳಿಸಬಹುದು. ಬೇರೆಯವುಗಳಲ್ಲೂ ಕಿರುಚಿತ್ರಗಳನ್ನು ಮತ್ತೆ ಕಟ್ಟುವ ಆಯ್ಕೆ ಇರುತ್ತದೆ. ಇನ್ನೊಂದು ಮಾತು: ಚಿತ್ರ ಅಳಿಸಿದರೂ ಅದರ ಕಿರುಚಿತ್ರ ಕ್ಯಾಶ್‌ನಲ್ಲಿ ಉಳಿದಿರಬಹುದು. ಖಾಸಗಿ ಚಿತ್ರಗಳಿದ್ದ ಕಂಪ್ಯೂಟರನ್ನು ಬೇರೆಯವರಿಗೆ ಕೊಡುವ ಮುನ್ನ ಇದನ್ನೂ ಖಾಲಿ ಮಾಡಬೇಕು.

ಮೂರನೆಯದು ರಾ ಫೈಲಿನ ಮುನ್ನೋಟ. ಬಹುತೇಕ ಎಲ್ಲ ರಾ ಫೈಲುಗಳೊಳಗೂ ಕ್ಯಾಮೆರಾ ಒಂದು ಜೆಪೆಗ್ ಚಿತ್ರವನ್ನು ಹುದುಗಿಸಿಟ್ಟಿರುತ್ತದೆ. ಬ್ರೌಸರ್‌ಗಳು ವೇಗಕ್ಕಾಗಿ ಅದನ್ನೇ ತೋರಿಸುತ್ತವೆ. ಇದರಿಂದ ಎರಡು ಗೊಂದಲ. ಮೊದಲು ಕಂಡ ಬಣ್ಣ ರಾ ತೆರೆದಾಗ ಬದಲಾಗುತ್ತದೆ, ಏಕೆಂದರೆ ಹುದುಗಿರುವುದು ಕ್ಯಾಮೆರಾ ತನ್ನ ರುಚಿಗೆ ತಕ್ಕಂತೆ ಹದ ಮಾಡಿದ ಚಿತ್ರ. ಜೊತೆಗೆ ಕೆಲವು ಕ್ಯಾಮೆರಾಗಳಲ್ಲಿ ಈ ಹುದುಗಿದ ಚಿತ್ರ 1616×1080 ಪಿಕ್ಸೆಲ್‌ನಷ್ಟು ಚಿಕ್ಕದು. ಅದನ್ನು ಹಿಗ್ಗಿಸಿ ನೋಡಿ 'ಫೋಕಸ್ ತಪ್ಪಿದೆ' ಎಂದು ಒಳ್ಳೆಯ ಫೋಟೊ ಎಸೆದವರಿದ್ದಾರೆ. ಬ್ರಿಡ್ಜ್‌ನಲ್ಲಿ ಮೇಲಿನ ಪಟ್ಟಿಯಲ್ಲಿ ಹುದುಗಿದ ಚಿತ್ರ ಸಾಕೋ, ಉತ್ತಮ ಗುಣಮಟ್ಟದ್ದು ಬೇಕೋ, ಶೇ 100 ಮುನ್ನೋಟವೂ ಬೇಕೋ ಎಂದು ಆರಿಸಬಹುದು. ಫೋಲ್ಡರುಗಳಲ್ಲಿ ಓಡಾಡಲು ಮೊದಲನೆಯದು, ಚಿತ್ರ ಆರಿಸಲು ಕೂತಾಗ ಕೊನೆಯದು.

ಬಣ್ಣ ನಿರ್ವಹಣೆಯ ಆಯ್ಕೆ, ಅಂದರೆ ಕಲರ್ ಮ್ಯಾನೇಜ್‌ಮೆಂಟ್ ಎಂಬುದು ಕಂಡರೆ ಆನ್ ಮಾಡಿ. ಇಲ್ಲವಾದರೆ ಅಡೋಬಿ ಆರ್‌ಜಿಬಿ ಎಂಬ ಹೆಚ್ಚು ವಿಸ್ತಾರದ ಬಣ್ಣಗಳ ವ್ಯಾಪ್ತಿಯಲ್ಲಿ ತೆಗೆದ ಚಿತ್ರಗಳು ಸಪ್ಪೆಯಾಗಿ ಕಾಣುತ್ತವೆ. ವಿಂಡೋಸ್‌ನಲ್ಲಿ ಐಫೋನ್‌ನ ಹೆಚ್‌ಇಐಸಿ ಚಿತ್ರಗಳಿಗೆ ಕಿರುಚಿತ್ರವೇ ಬರುತ್ತಿಲ್ಲವೆಂದರೆ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಹೆಚ್‌ಇಐಎಫ್ ಮತ್ತು ಹೆಚ್‌ಇವಿಸಿ ವಿಸ್ತರಣೆಗಳನ್ನು ಹಾಕಿಕೊಳ್ಳಬೇಕಾಗುತ್ತದೆ.

ಹಂತ 3: ನಕಲುಗಳನ್ನು ಈಗಲೇ ತೆಗೆಯಿರಿ

ಯಾಕೆ ಈಗಲೇ? ಬೈಟ್‌ನಿಂದ ಬೈಟ್‌ಗೆ ಒಂದೇ ಆಗಿರುವ ನಕಲುಗಳನ್ನು ಸಾಫ್ಟ್‌ವೇರ್ ಹುಡುಕುವುದು ಫೈಲಿನ ಹ್ಯಾಶ್ ಎಂಬ ಲೆಕ್ಕದ ಗುರುತಿನಿಂದ. ಜೆಪೆಗ್ ಒಂದಕ್ಕೆ ಸ್ಟಾರ್ ಕೊಟ್ಟ ಕ್ಷಣ ಅದರೊಳಗಿನ ಬರಹ ಬದಲಾಗುತ್ತದೆ, ಹ್ಯಾಶ್ ಬೇರೆಯಾಗುತ್ತದೆ. ಚಿತ್ರ ಅದೇ ಆದರೂ ನಕಲೆಂದು ಪತ್ತೆಯಾಗುವುದಿಲ್ಲ. ಹೀಗಾಗಿ ಮೆಟಾಡೇಟಾ ಬರೆಯುವ ಮೊದಲೇ ಈ ಕೆಲಸ ಮುಗಿಸಬೇಕು.

ರೂಪದಲ್ಲಿ ಹೋಲುವ ಚಿತ್ರಗಳನ್ನು ಹುಡುಕುವ ಸೌಲಭ್ಯ ಡಿಜಿಕ್ಯಾಮ್, ಎಕ್ಸ್‌ಎನ್‌ವ್ಯೂ ಎಂಪಿಗಳಲ್ಲಿದೆ. ಅದನ್ನು ಎಚ್ಚರದಿಂದ ಬಳಸಿ. ಒಂದರ ಹಿಂದೊಂದು ತೆಗೆದ ಐದು ಫೋಟೊಗಳನ್ನೂ ಅದು ನಕಲೆನ್ನಬಹುದು, ಕಣ್ಣು ತೆರೆದದ್ದು ಅವುಗಳಲ್ಲಿ ಒಂದರಲ್ಲಿ ಮಾತ್ರ ಇರಬಹುದು. 'ಎಲ್ಲ ನಕಲುಗಳನ್ನು ಅಳಿಸು' ಎಂಬ ಗುಂಡಿಯನ್ನು ಯಾವತ್ತೂ ಒತ್ತಬೇಡಿ. ಎರಡರಲ್ಲಿ ಒಂದನ್ನು ಉಳಿಸುವಾಗ ಗಾತ್ರ ದೊಡ್ಡದಿರುವ, ಎಕ್ಸಿಫ್ ದಿನಾಂಕ ಇರುವ ಪ್ರತಿಯನ್ನು ಉಳಿಸಿ. ವಾಟ್ಸ್ಆ್ಯಪ್‌ನಲ್ಲಿ ಫೋಟೊವಾಗಿ ಕಳಿಸಿದ ಚಿತ್ರ ಕುಗ್ಗಿರುತ್ತದೆ, ಎಕ್ಸಿಫ್ ಕೂಡ ಹೋಗಿರುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಮೂಲ ಹಾಗೇ ಬರುತ್ತದೆ.

ಹಂತ 4: ಫೋಲ್ಡರುಗಳ ಏರ್ಪಾಡು

ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ವರ್ಷಕ್ಕೊಂದು ಫೋಲ್ಡರ್, ಅದರೊಳಗೆ ಸಂದರ್ಭಕ್ಕೊಂದು:

ಫೋಟೊ → 2024 → 2024-03-15_ಚಾರಣ

ದಿನಾಂಕವನ್ನು ವರ್ಷ-ತಿಂಗಳು-ದಿನ ಎಂಬ ಕ್ರಮದಲ್ಲೇ ಬರೆಯಿರಿ. 15-03-2024 ಎಂದು ಬರೆದರೆ ಹೆಸರಿನ ಪ್ರಕಾರ ಜೋಡಿಸಿದಾಗ ಎಲ್ಲ ತಿಂಗಳ ಹದಿನೈದನೇ ತಾರೀಖುಗಳೂ ಒಟ್ಟಿಗೆ ಬಂದು ನಿಲ್ಲುತ್ತವೆ. ಬಿಡಿಬಿಡಿ ಮೊಬೈಲ್ ಚಿತ್ರಗಳಿಗೆ 2024-03_ಬಿಡಿ ಎಂಬಂತೆ ತಿಂಗಳಿಗೊಂದು ಸಾಕು. ಸ್ಕ್ಯಾನ್ ಮಾಡಿದ ಹಳೆಯ ಫೋಟೊಗಳಿಗೆ ದಿನಾಂಕ ಗೊತ್ತಿಲ್ಲದಿದ್ದರೆ 1980ರ ದಶಕ ಎಂದೇ ಇಡಿ. ಊಹಿಸಿದ ದಿನಾಂಕ ಮುಂದೆ ನಿಜವೆಂದು ಉಳಿದುಬಿಡುತ್ತದೆ.

ಜನರ ಹೆಸರು, ವಿಷಯಗಳ ಪ್ರಕಾರ ಫೋಲ್ಡರ್ ಮಾಡಬೇಡಿ. ಒಂದು ಫೋಟೊದಲ್ಲಿ ಮೂವರಿದ್ದರೆ ಮೂರು ಕಡೆ ಇಡಲಾಗುವುದಿಲ್ಲ. ಅದು ಕೀವರ್ಡ್‌ಗಳ ಕೆಲಸ, ಮುಂದೆ ಬರುತ್ತದೆ. ಫೋಲ್ಡರಿನೊಳಗೆ ಫೋಲ್ಡರ್ ಎಂದು ಆಳಕ್ಕೆ ಇಳಿಯುವುದೂ ಬೇಡ. ವಿಂಡೋಸ್‌ನಲ್ಲಿ ಎಷ್ಟೋ ಪ್ರೋಗ್ರಾಂಗಳಿಗೆ ಫೈಲಿನ ಪೂರ್ತಿ ಹಾದಿ 260 ಅಕ್ಷರ ಮೀರಿದರೆ ತೆರೆಯಲು, ನಕಲಿಸಲು ಬರುವುದಿಲ್ಲ.

ಹಂತ 5: ಮೊದಲು ದಿನಾಂಕ ಸರಿಪಡಿಸಿ

ಹೆಸರು ಬದಲಿಸುವ ಮೊದಲು ಈ ಹಂತ, ಏಕೆಂದರೆ ಹೆಸರು ದಿನಾಂಕದಿಂದಲೇ ಬರುವುದು.

ಫೈಲಿಗೆ ಸಂಬಂಧಿಸಿದ ದಿನಾಂಕಗಳು ಹಲವು. ವಿಂಡೋಸ್ ತೋರಿಸುವ 'ಕ್ರಿಯೇಟೆಡ್' ದಿನಾಂಕ, ಆ ಪ್ರತಿ ಆ ಡಿಸ್ಕ್‌ಗೆ ಬಂದ ದಿನ. ನಕಲಿಸಿದಾಗ ಅದು ಬದಲಾಗುತ್ತದೆ. 'ಮಾಡಿಫೈಡ್' ನಕಲಿಸಿದಾಗ ಉಳಿಯುತ್ತದೆ, ತಿದ್ದಿದಾಗ ಬದಲಾಗುತ್ತದೆ. ನಿಮಗೆ ಬೇಕಾದದ್ದು ಎಕ್ಸಿಫ್‌ನಲ್ಲಿರುವ 'ಡೇಟ್ ಟೇಕನ್', ಶಟರ್ ಒತ್ತಿದ ಹೊತ್ತು. ಬ್ರೌಸರ್‌ನಲ್ಲಿ ಜೋಡಣೆಯ ಆಧಾರವನ್ನು ಇದಕ್ಕೇ ಹೊಂದಿಸಿ.

ಕ್ಯಾಮೆರಾದ ಗಡಿಯಾರವೇ ತಪ್ಪಿದ್ದರೆ? ಬೇರೆ ದೇಶಕ್ಕೆ ಹೋಗಿ ಗಡಿಯಾರ ಬದಲಿಸದಿದ್ದರೆ ಹೀಗಾಗುತ್ತದೆ. ಎಕ್ಸಿಫ್‌ನಲ್ಲಿ ಕಾಲವಲಯ ಬರೆಯುವ ಏರ್ಪಾಡು ಬಂದದ್ದೇ 2016ರ 2.31ನೇ ಆವೃತ್ತಿಯಲ್ಲಿ. ಹಳೆಯ ಕ್ಯಾಮೆರಾಗಳು ಬರಿಯ ಗಂಟೆ-ನಿಮಿಷವನ್ನಷ್ಟೇ ಬರೆಯುತ್ತವೆ. ಎಕ್ಸ್‌ಎನ್‌ವ್ಯೂ ಎಂಪಿಯಲ್ಲಿ ಮತ್ತು ಎಕ್ಸಿಫ್‌ಟೂಲ್ ಎಂಬ ಉಚಿತ ಉಪಕರಣದಲ್ಲಿ ಆರಿಸಿದ ಎಲ್ಲ ಫೋಟೊಗಳ ಸಮಯವನ್ನು ಇಷ್ಟು ಗಂಟೆ ಮುಂದಕ್ಕೋ ಹಿಂದಕ್ಕೋ ಒಟ್ಟಿಗೇ ತಳ್ಳಬಹುದು. 'ಇಷ್ಟು ಕೂಡಿಸು, ಇಷ್ಟು ಕಳೆ' ಎಂಬ ಆಯ್ಕೆಯನ್ನೇ ಬಳಸಿ. 'ಈ ಸಮಯಕ್ಕೆ ಹೊಂದಿಸು' ಎಂಬುದನ್ನು ಒತ್ತಿದರೆ ಮುನ್ನೂರು ಫೋಟೊಗಳಿಗೂ ಒಂದೇ ಸಮಯ ಬಿದ್ದು, ತೆಗೆದ ಕ್ರಮವೇ ಅಳಿಸಿಹೋಗುತ್ತದೆ. ಇಬ್ಬರ ಕ್ಯಾಮೆರಾಗಳ ಚಿತ್ರಗಳನ್ನು ಬೆರೆಸುವುದಿದ್ದರೆ ಇಬ್ಬರೂ ಒಂದೇ ಕ್ಷಣದಲ್ಲಿ ತೆಗೆದ ಚಿತ್ರವೊಂದನ್ನು ಹುಡುಕಿ, ವ್ಯತ್ಯಾಸ ಲೆಕ್ಕ ಹಾಕಿ, ಒಬ್ಬರದ್ದನ್ನು ಅಷ್ಟು ಸರಿಸಿ.

ಹಂತ 6: ಸಾಮೂಹಿಕವಾಗಿ ಹೆಸರಿಡಿ

ಇದಕ್ಕೆ ಬ್ಯಾಚ್ ರಿನೇಮ್ ಎಂಬ ಸೌಲಭ್ಯವಿದೆ. ಬ್ರಿಡ್ಜ್‌ನಲ್ಲಿ ಟೂಲ್ಸ್ ಮೆನುವಿನಲ್ಲಿ ಸಿಗುತ್ತದೆ. ಎಕ್ಸ್‌ಎನ್‌ವ್ಯೂ ಎಂಪಿಯಲ್ಲಿ ಹಲವು ಚಿತ್ರಗಳನ್ನು ಆರಿಸಿ ಎಫ್2 ಒತ್ತಿದರೆ ತೆರೆಯುತ್ತದೆ. ನಾನು ಸೂಚಿಸುವ ಮಾದರಿ ಹೀಗಿದೆ:

2024-03-15_143207_0457

ಮೊದಲಿಗೆ ದಿನಾಂಕ, ನಂತರ ಗಂಟೆ-ನಿಮಿಷ-ಸೆಕೆಂಡ್, ಕೊನೆಗೆ ಕ್ಯಾಮೆರಾ ಕೊಟ್ಟಿದ್ದ ನಾಲ್ಕಂಕಿ. ಕೊನೆಯ ನಾಲ್ಕಂಕಿ ಯಾಕೆಂದರೆ ಒಂದೇ ಸೆಕೆಂಡಿನಲ್ಲಿ ಹತ್ತು ಚಿತ್ರ ತೆಗೆದಾಗ ಹೆಸರುಗಳು ಡಿಕ್ಕಿಯಾಗದಿರಲೆಂದು. ಬರಿಯ 1, 2, 3 ಎಂದು ಎಣಿಸುವುದಾದರೆ 0001 ಎಂದೇ ಸೊನ್ನೆ ಸೇರಿಸಿ ಬರೆಯಿರಿ. ಇಲ್ಲದಿದ್ದರೆ ಕೆಲವು ಸಾಫ್ಟ್‌ವೇರ್‌ಗಳಲ್ಲಿ 1, 10, 100, 2 ಎಂಬ ಕ್ರಮ ಬರುತ್ತದೆ. ಸಮಯದಲ್ಲಿ ಗಂಟೆ-ನಿಮಿಷಗಳ ನಡುವೆ ವಿಸರ್ಗದಂಥ ಎರಡು ಚುಕ್ಕೆ ಹಾಕುವಂತಿಲ್ಲ. ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ಓರೆಗೆರೆಗಳಂತೆ ಅದನ್ನೂ ವಿಂಡೋಸ್ ಫೈಲ್ ಹೆಸರಿನಲ್ಲಿ ಒಪ್ಪುವುದಿಲ್ಲ.

ಗುಂಡಿ ಒತ್ತುವ ಮುನ್ನ ಮುನ್ನೋಟದ ಪಟ್ಟಿಯಲ್ಲಿ ಮೊದಲ, ನಡುವಿನ ಮತ್ತು ಕೊನೆಯ ಹೆಸರುಗಳನ್ನು ಓದಿ. ಎಕ್ಸಿಫ್ ಇಲ್ಲದ ಚಿತ್ರಗಳಿಗೆ ದಿನಾಂಕದ ಜಾಗ ಖಾಲಿ ಉಳಿದಿರುತ್ತದೆ, ಅಥವಾ ಫೈಲಿನ ದಿನಾಂಕ ಬಂದು ಕೂತಿರುತ್ತದೆ. ಅಂಥವನ್ನು ಬೇರೆ ಫೋಲ್ಡರಿಗೆ ತೆಗೆದಿಟ್ಟು ಕೈಯಾರೆ ಹೆಸರಿಡಿ. ಬ್ರಿಡ್ಜ್‌ನಲ್ಲಿ ಹಳೆಯ ಹೆಸರನ್ನು ಎಕ್ಸ್‌ಎಂಪಿಯಲ್ಲಿ ಉಳಿಸಿಕೊಳ್ಳುವ ಆಯ್ಕೆಯೊಂದಿದೆ. ಅದನ್ನು ಆನ್ ಮಾಡಿಟ್ಟರೆ ಹಿಂದಕ್ಕೆ ಹೋಗುವ ದಾರಿ ಇರುತ್ತದೆ.

ಈ ಹಂತದಲ್ಲಿ ಎಲ್ಲಕ್ಕಿಂತ ಹೆಚ್ಚು ಹಾನಿಯಾಗುವುದು ಸೈಡ್‌ಕಾರ್‌ಗಳಿಂದ. ಬ್ರಿಡ್ಜ್‌ನಲ್ಲಿ ರಾ ಫೈಲಿನ ಹೆಸರು ಬದಲಿಸಿದರೆ ಅದರ ಎಕ್ಸ್‌ಎಂಪಿಯೂ ಜೊತೆಗೇ ಬದಲಾಗುತ್ತದೆ. ಎಕ್ಸ್‌ಪ್ಲೋರರ್‌ನಲ್ಲಿ ಬದಲಿಸಿದರೆ ರಾ ಒಂದು ಹೆಸರಿಗೆ ಹೋಗಿ, ಎಕ್ಸ್‌ಎಂಪಿ ಹಳೆಯ ಹೆಸರಿನಲ್ಲಿ ಅನಾಥವಾಗಿ ಉಳಿಯುತ್ತದೆ. ನಿಮ್ಮ ಸ್ಟಾರ್‌ಗಳು, ತಿದ್ದುಪಡಿಗಳು ಎಲ್ಲ ಮಾಯ. ಬೇರೆ ಫೋಲ್ಡರಿಗೆ ಸರಿಸುವಾಗಲೂ ಇದೇ ಕಥೆ. ಸರಿಸುವುದು, ಹೆಸರಿಸುವುದು, ಅಳಿಸುವುದು ಇವೆಲ್ಲವನ್ನೂ ಸೈಡ್‌ಕಾರ್ ಗೊತ್ತಿರುವ ಬ್ರೌಸರ್‌ನಲ್ಲೇ ಮಾಡಿ. ರಾ ಮತ್ತು ಜೆಪೆಗ್ ಎರಡನ್ನೂ ಒಟ್ಟಿಗೆ ತೆಗೆಯುವವರು ಎರಡನ್ನೂ ಒಟ್ಟಿಗೇ ಆರಿಸಿ ಹೆಸರು ಬದಲಿಸಬೇಕು, ಮತ್ತು ಎಣಿಕೆಯ ಬದಲು ಕ್ಯಾಮೆರಾದ ನಾಲ್ಕಂಕಿಯನ್ನೇ ಬಳಸಬೇಕು. ಎಣಿಕೆ ಬಳಸಿದರೆ ಜೋಡಿಯಲ್ಲಿ ಒಂದಕ್ಕೆ 0001, ಇನ್ನೊಂದಕ್ಕೆ 0002 ಬಂದು ನಂಟು ಕಡಿದುಹೋಗಬಹುದು.

ಕನ್ನಡದಲ್ಲಿ ಹೆಸರಿಡಬಹುದೇ? ಫೋಲ್ಡರಿಗೆ ಧಾರಾಳವಾಗಿ ಇಡಿ. ಫೈಲ್‌ಗಳಿಗೆ ಅಂಕಿಗಳಷ್ಟೇ ಇದ್ದರೆ ಕ್ಷೇಮ. ಹಳೆಯ ಮ್ಯಾಕ್ ಡಿಸ್ಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ವ್ಯವಸ್ಥೆ ಯೂನಿಕೋಡ್ ಅಕ್ಷರಗಳನ್ನು ಬಿಡಿಸಿ ಬರೆಯುತ್ತದೆ. ಕನ್ನಡದಲ್ಲಿ 'ಕೀ', 'ಕೇ', 'ಕೈ', 'ಕೊ', 'ಕೋ' ಇವುಗಳ ಸ್ವರಚಿಹ್ನೆಗಳು ಎರಡು ಮೂರು ತುಂಡುಗಳಾಗುತ್ತವೆ. ಕಣ್ಣಿಗೆ ಹೆಸರು ಒಂದೇ, ಕಂಪ್ಯೂಟರಿಗೆ ಬೇರೆ. ಇಂಥ ಡಿಸ್ಕ್‌ನಿಂದ ವಿಂಡೋಸ್‌ಗೆ ಬಂದ ಫೋಲ್ಡರನ್ನು ಹೆಸರಿನಿಂದ ಹುಡುಕಿ ಸಿಗದಿದ್ದರೆ ಆ ಹೆಸರನ್ನು ಮತ್ತೊಮ್ಮೆ ಟೈಪ್ ಮಾಡಿ ಬದಲಿಸಿದರೆ ಸರಿಹೋಗುತ್ತದೆ.

ಹಂತ 7: ನೋಡಿ, ಆರಿಸಿ

ಫೋಟೊ ಜೋಡಿಸುವುದರಲ್ಲಿ ನಿಜವಾದ ಕೆಲಸ ಇದೇ. ನಾಲ್ಕು ನೂರು ಚಿತ್ರಗಳಲ್ಲಿ ನಲವತ್ತನ್ನು ಆರಿಸದೆ ಹೋದರೆ ಮುಂದೆ ಯಾರೂ ಆ ಫೋಲ್ಡರನ್ನು ತೆರೆಯುವುದಿಲ್ಲ.

ಒಂದೇ ಸಲಕ್ಕೆ ಎಲ್ಲ ತೀರ್ಮಾನ ಬೇಡ, ಮೂರು ಸುತ್ತು ಹಾಕಿ. ಮೊದಲ ಸುತ್ತಿನಲ್ಲಿ ಚಿತ್ರವನ್ನು ಪೂರ್ತಿ ಪರದೆಗೆ ತಂದು ವೇಗವಾಗಿ ಸಾಗಿ. ಬ್ರಿಡ್ಜ್‌ನಲ್ಲಿ ಸ್ಪೇಸ್‌ಬಾರ್ ಒತ್ತಿದರೆ ಪೂರ್ಣ ಪರದೆ, ಬಾಣದ ಕೀಲಿಗಳಿಂದ ಮುಂದಕ್ಕೆ. ಸ್ಪಷ್ಟವಾಗಿ ಕೆಟ್ಟಿರುವವು, ಅಲುಗಾಡಿದವು, ನೆಲವನ್ನು ತೆಗೆದವು ಇವನ್ನು ತಿರಸ್ಕರಿಸಿ. ಬ್ರಿಡ್ಜ್‌ನ ಮುಖ್ಯ ಕಿಟಕಿಯಲ್ಲಿ ಆಲ್ಟ್ ಮತ್ತು ಡಿಲೀಟ್ ಒತ್ತಿದರೆ 'ರಿಜೆಕ್ಟ್' ಗುರುತು ಬೀಳುತ್ತದೆ, ಫೈಲ್ ಅಳಿಯುವುದಿಲ್ಲ. ಉಳಿಯಬಹುದು ಎನಿಸಿದ್ದಕ್ಕೆ ಕಂಟ್ರೋಲ್ ಮತ್ತು 1 ಒತ್ತಿ ಒಂದು ಸ್ಟಾರ್ ಕೊಡಿ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್.

ಎರಡನೆಯ ಸುತ್ತು, ಒಂದು ಸ್ಟಾರ್ ಇರುವವನ್ನಷ್ಟೇ ಫಿಲ್ಟರ್ ಮಾಡಿ, ಶೇ 100ರಲ್ಲಿ. ಶೇ 100 ಎಂದರೆ ಚಿತ್ರದ ಒಂದು ಪಿಕ್ಸೆಲ್ ಪರದೆಯ ಒಂದು ಪಿಕ್ಸೆಲ್‌ಗೆ ಸಮ. ಇದು ಯಾಕೆ ಬೇಕು ಎಂಬುದಕ್ಕೆ ಲೆಕ್ಕ ನೋಡಿ: 24 ಮೆಗಾಪಿಕ್ಸೆಲ್ ಚಿತ್ರ 6000×4000, ಸಾಮಾನ್ಯ ಫುಲ್ ಎಚ್‌ಡಿ ಪರದೆ 1920×1080, ಅಂದರೆ ಸುಮಾರು 2 ಮೆಗಾಪಿಕ್ಸೆಲ್. ಪರದೆಗೆ ಹೊಂದಿಸಿ ನೋಡುವಾಗ ಹನ್ನೆರಡರಲ್ಲಿ ಒಂದು ಪಾಲು ವಿವರ ಮಾತ್ರ ನಿಮ್ಮ ಕಣ್ಣಿಗೆ ಬೀಳುತ್ತಿರುತ್ತದೆ. ಕುಗ್ಗಿಸಿದ ಚಿತ್ರ ಯಾವಾಗಲೂ ಚೂಪಾಗಿಯೇ ಕಾಣುತ್ತದೆ, ಸ್ವಲ್ಪ ತಪ್ಪಿದ ಫೋಕಸ್ ಅಡಗಿಬಿಡುತ್ತದೆ. ಬ್ರಿಡ್ಜ್‌ನ ಮುನ್ನೋಟ ಕಿಟಕಿಯಲ್ಲಿ ಚಿತ್ರದ ಮೇಲೆ ಕ್ಲಿಕ್ ಮಾಡಿದರೆ ಭೂತಗನ್ನಡಿಯೊಂದು ತೆರೆದು ಆ ಜಾಗವನ್ನು ಶೇ 100ರಲ್ಲಿ ತೋರಿಸುತ್ತದೆ. ಮುಖವಿದ್ದರೆ ಹತ್ತಿರದ ಕಣ್ಣಿನ ರೆಪ್ಪೆ ನೋಡಿ. ಶೇ 200, 300ಕ್ಕೆ ಹಿಗ್ಗಿಸಿ ಅಳೆಯಬೇಡಿ, ಅಲ್ಲಿ ಯಾವ ಚಿತ್ರವೂ ಚೆನ್ನಾಗಿ ಕಾಣುವುದಿಲ್ಲ.

ಒಂದೇ ದೃಶ್ಯದ ಹಲವು ಚಿತ್ರಗಳಿದ್ದರೆ ಅಕ್ಕಪಕ್ಕ ಇಟ್ಟು ಹೋಲಿಸಿ. ಬ್ರಿಡ್ಜ್‌ನಲ್ಲಿ ಅವನ್ನು ಆರಿಸಿ ಕಂಟ್ರೋಲ್ ಮತ್ತು ಬಿ ಒತ್ತಿದರೆ ರಿವ್ಯೂ ಮೋಡ್ ತೆರೆಯುತ್ತದೆ. ಬೇಡದ್ದನ್ನು ಕೆಳಮುಖ ಬಾಣದಿಂದ ಒಂದೊಂದಾಗಿ ಬಿಡುತ್ತಾ ಬಂದು ಕೊನೆಗೆ ಉಳಿದದ್ದನ್ನು ಇಟ್ಟುಕೊಳ್ಳಬಹುದು. ಗೆದ್ದದ್ದಕ್ಕೆ 3 ಸ್ಟಾರ್.

ಮೂರನೆಯ ಸುತ್ತು ಮರುದಿನ ಮಾಡಿ. ತೆಗೆದ ದಿನದ ಉತ್ಸಾಹ ಕಳೆದಿರುತ್ತದೆ, ಕಣ್ಣು ಹದಕ್ಕೆ ಬಂದಿರುತ್ತದೆ. ಮುದ್ರಿಸಲು, ಯಾರಿಗಾದರೂ ತೋರಿಸಲು ಯೋಗ್ಯವಾದದ್ದಕ್ಕೆ 4, ಇಡೀ ವರ್ಷದ ಕೆಲವಕ್ಕಷ್ಟೇ 5.

ಬಣ್ಣದ ಗುರುತುಗಳನ್ನು ನೆಚ್ಚಬೇಡಿ. ಎಕ್ಸ್‌ಎಂಪಿಯಲ್ಲಿ ಬಣ್ಣ ಬಣ್ಣವಾಗಿ ಉಳಿಯುವುದಿಲ್ಲ, ಹೆಸರಾಗಿ ಉಳಿಯುತ್ತದೆ. ಬ್ರಿಡ್ಜ್‌ನಲ್ಲಿ ಕೆಂಪಿನ ಹೆಸರು ಮೂಲತಃ 'ಸೆಲೆಕ್ಟ್', ಲೈಟ್‌ರೂಮ್‌ನಲ್ಲಿ 'ರೆಡ್'. ಒಂದರಲ್ಲಿ ಹಾಕಿದ ಕೆಂಪು ಇನ್ನೊಂದರಲ್ಲಿ ಬಿಳಿಯಾಗಿ ಕಾಣುತ್ತದೆ. ಸ್ಟಾರ್‌ಗಳಿಗೆ ಈ ಕಾಟವಿಲ್ಲ. 'ರಿಜೆಕ್ಟ್' ಗುರುತು ಎಕ್ಸ್‌ಎಂಪಿಯಲ್ಲಿ ಮೈನಸ್ 1 ಸ್ಟಾರ್ ಆಗಿ ಕೂರುತ್ತದೆ, ಎಲ್ಲ ಸಾಫ್ಟ್‌ವೇರ್‌ಗಳಿಗೂ ಅದು ಅರ್ಥವಾಗದು. ಆದ್ದರಿಂದ ತಿರಸ್ಕರಿಸಿದವನ್ನು ಫಿಲ್ಟರ್ ಮಾಡಿ 'ಬೇಡವಾದದ್ದು' ಎಂಬ ಫೋಲ್ಡರಿಗೆ ಸರಿಸಿ, ಒಂದು ತಿಂಗಳ ನಂತರ ಅಳಿಸಿ. ಅಳಿಸುವುದನ್ನು ಕಂಪ್ಯೂಟರಿನ ಡಿಸ್ಕ್‌ನಲ್ಲಿ ಮಾಡಿ. ಮೆಮೊರಿ ಕಾರ್ಡ್, ಪೆನ್‌ಡ್ರೈವ್‌ಗಳಿಂದ ಅಳಿಸಿದ್ದು ವಿಂಡೋಸ್‌ನ ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ, ನೇರ ಹೋಗಿಬಿಡುತ್ತದೆ.

ಅಡ್ಡ ಬಿದ್ದ ಚಿತ್ರಗಳನ್ನು ತಿರುಗಿಸುವಾಗ 'ಲಾಸ್‌ಲೆಸ್' ಎಂಬ ಆಯ್ಕೆಯನ್ನೇ ಬಳಸಿ. ಚಿತ್ರ ತೆರೆದು, ತಿರುಗಿಸಿ, ಸೇವ್ ಮಾಡಿದರೆ ಜೆಪೆಗ್ ಮತ್ತೊಮ್ಮೆ ಕುಗ್ಗಿ ಗುಣ ಕಳೆದುಕೊಳ್ಳುತ್ತದೆ.

ಹಂತ 8: ಕೀವರ್ಡ್‌ಗಳು

ಆರಿಸಿದ, ಅಂದರೆ 3 ಸ್ಟಾರ್ ಮತ್ತು ಮೇಲಿನ ಚಿತ್ರಗಳಿಗಷ್ಟೇ ಕೀವರ್ಡ್ ಕೊಡಿ. ಯಾರು, ಎಲ್ಲಿ, ಏನು, ಈ ಮೂರಕ್ಕೆ ಉತ್ತರವಿದ್ದರೆ ಸಾಕು. ಇಡೀ ಗುಂಪನ್ನು ಆರಿಸಿ ಸ್ಥಳದ ಹೆಸರನ್ನು ಒಮ್ಮೆಗೇ ಹಾಕಿ, ಆಮೇಲೆ ಜನರ ಹೆಸರುಗಳನ್ನು ಬಿಡಿಬಿಡಿಯಾಗಿ. ಒಬ್ಬರಿಗೆ ಒಂದೇ ಹೆಸರು: ಒಮ್ಮೆ 'ಅಜ್ಜಿ', ಒಮ್ಮೆ 'ಅಮ್ಮಮ್ಮ' ಎಂದು ಬರೆದರೆ ಹುಡುಕುವಾಗ ಅರ್ಧ ಮಾತ್ರ ಸಿಗುತ್ತವೆ. ಕೀವರ್ಡ್ ಪಟ್ಟಿಯಿಂದ ಆರಿಸಿ, ಪ್ರತಿ ಸಲ ಟೈಪ್ ಮಾಡಬೇಡಿ, ಕಾಗುಣಿತ ತಪ್ಪು ನುಸುಳುವುದು ಅಲ್ಲಿಂದಲೇ. ಎಕ್ಸ್‌ಎಂಪಿ ಯೂನಿಕೋಡ್ ಆದ್ದರಿಂದ ಕನ್ನಡದಲ್ಲಿ ಬರೆದ ಕೀವರ್ಡ್‌ಗಳು ಕೆಡದೆ ಉಳಿಯುತ್ತವೆ. ಐಪಿಟಿಸಿ ಎಂಬ ಹಳೆಯ ಬಗೆಯ ಮೆಟಾಡೇಟಾ ಜಾಗದಲ್ಲಿ ಮಾತ್ರ ಬರೆಯುವ ಸಾಫ್ಟ್‌ವೇರ್‌ಗಳಲ್ಲಿ ಅವು ಪ್ರಶ್ನಾರ್ಥಕ ಚಿಹ್ನೆಗಳ ಸಾಲಾಗುವ ಸಂಭವವಿದೆ.

ಹಂತ 9: ಪ್ರತಿಗಳು

ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ನಿಯಮ ಇಲ್ಲಿಗೂ ಸರಿ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಪ್ರತಿ ಮಾಡುವ ಸಾಫ್ಟ್‌ವೇರ್ ಚಿತ್ರಗಳನ್ನು ಮಾತ್ರ ಆರಿಸಿಕೊಂಡು ಎಕ್ಸ್‌ಎಂಪಿ ಫೈಲ್‌ಗಳನ್ನು ಬಿಟ್ಟಿಲ್ಲ ತಾನೇ ಎಂದು ನೋಡಿ. ಹೊರಗಿನ ಡಿಸ್ಕ್ ವಿಂಡೋಸ್ ಮತ್ತು ಮ್ಯಾಕ್ ಎರಡಕ್ಕೂ ಬೇಕಿದ್ದರೆ ಅವೆರಡೂ ಓದಿ ಬರೆಯಬಲ್ಲ ಎಕ್ಸ್‌ಫ್ಯಾಟ್ ಎಂಬ ರೂಪಕ್ಕೆ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ರೂಪದ ಡಿಸ್ಕನ್ನು ಮ್ಯಾಕ್ ತಾನಾಗಿ ಓದುತ್ತದೆಯೇ ಹೊರತು ಅದಕ್ಕೆ ಬರೆಯುವುದಿಲ್ಲ.

ಮೂಲ ಹೇಗಿದೆಯೋ ಹಾಗೇ ಇರುವಂತೆ ಪ್ರತಿಯನ್ನೂ ಬದಲಿಸುವ 'ಮಿರರ್' ಎಂಬ ಬಗೆಯಲ್ಲಿ ಒಂದು ಅಪಾಯವಿದೆ. ಮೂಲದಲ್ಲಿ ತಪ್ಪಿ ಅಳಿಸಿದ ಫೋಲ್ಡರ್ ಮುಂದಿನ ಓಟದಲ್ಲಿ ಪ್ರತಿಯಿಂದಲೂ ಅಳಿದುಹೋಗುತ್ತದೆ. ಅಳಿಸಿದವನ್ನು ಕನಿಷ್ಠ 30 ದಿನ ಬೇರೆ ಫೋಲ್ಡರಿನಲ್ಲಿ ಇಟ್ಟುಕೊಳ್ಳುವ ಆಯ್ಕೆ ನಿಮ್ಮ ಸಾಫ್ಟ್‌ವೇರಿನಲ್ಲಿದ್ದರೆ ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಮಿರರ್ ಓಡಿಸುವ ಮುನ್ನ ಅದು ತೋರಿಸುವ 'ಅಳಿಸಲಾಗುವ ಫೈಲ್‌ಗಳು' ಪಟ್ಟಿಯನ್ನು ಪ್ರತಿ ಸಲವೂ ಓದಿ. ನೀವು ಅಳಿಸಿದ್ದು ನೆನಪಿರುವುದಕ್ಕಿಂತ ಅಲ್ಲಿನ ಸಂಖ್ಯೆ ಹೆಚ್ಚಿದ್ದರೆ ಅಲ್ಲಿಗೇ ನಿಲ್ಲಿಸಿ, ಮೂಲದಲ್ಲಿ ಏನಾಗಿದೆ ಎಂದು ಮೊದಲು ಪರಿಶೀಲಿಸಿ.